2005ರ ಅಕಾರ್ಡ್ 2.4 ಆಟೋಮ್ಯಾಟಿಕ್: ಸ್ಟೀರಿಂಗ್ ಸದ್ದು, ಗದ್ದಲದಾಗ ಬಿಸಿ, ಗೇರ್ ಜರ್ಕ್. ಮೊದಲ ಯಾವುದಕ್ಕ ಕೈ ಹಾಕಬೇಕು?

ಕೆಎ32_ಸೆಡಾನ್ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಗಾಡಿ ಹೋಂಡಾ ಅಕಾರ್ಡ್ 2.4, 2005ರದು, 5 ಸ್ಪೀಡ್ ಆಟೋಮ್ಯಾಟಿಕ್, 1,42,000 ಕಿ.ಮೀ. ಓಡ್ಯದ. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಹಳೇ ಸರ್ವಿಸ್ ಬುಕ್ ಇಲ್ಲ. ಇಂಜಿನ್ ಪಿಕಪ್ ಚಲೋ ಅದ, ಹೊಗಿ ಇಲ್ಲ, ಆಯಿಲ್ ಕುಡಿಯಲ್ಲ. ಆದ್ರ ಉಳಿದದ್ದು ಇಷ್ಟು ಅದ ನೋಡ್ರಿ.

ಮುಂಜಾನಿ ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದ್ರ ಊಂ ಅಂತ ಒದರ್ತದ. ಹತ್ತು ನಿಮಿಷ ಓಡಿದ ಮ್ಯಾಲ ಕಡಿಮಿ ಆಗ್ತದ. ಪವರ್ ಸ್ಟೀರಿಂಗ್ ಡಬ್ಬಿ ಮುಚ್ಚಳ ತೆಗೆದ್ರ ಆಯಿಲ್ ಮ್ಯಾಲ ನೊರಿ, ಲೆವೆಲ್ ಮಾತ್ರ ಬರೋಬರಿ. ಗ್ಯಾರೇಜಿನವ್ರು ಪಂಪೇ ಬದಲ್ ಮಾಡಬೇಕು ಅಂತಾರ.

ಸೂಪರ್ ಮಾರ್ಕೆಟ್ ಕಡಿ ಗದ್ದಲದಾಗ ಏಸಿ ಹಾಕ್ಕೊಂಡು ನಿಂತ್ರ ಟೆಂಪರೇಚರ್ ಮುಳ್ಳು ನಡುವಿನ ಗೀಟು ದಾಟಿ ಏರ್ತದ, ಏಸಿ ಗಾಳಿನೂ ಬಿಸಿ ಬರ್ತದ. ಜೇವರ್ಗಿ ರಸ್ತಾಕ್ಕ ಬಿದ್ದು ಅರವತ್ತರ ಮ್ಯಾಲ ಹೊಂಟ್ರ ಎರಡೂ ತಾವೇ ಸರಿ ಆಗ್ತಾವ. ಥರ್ಮೋಸ್ಟಾಟ್ (ಬಿಸಿ ನೋಡಿ ಇಂಜಿನ್ ನೀರು ಬಿಡೋ ವಾಲ್ವ್) ಕಿತ್ತಿ ಒಗೀರಿ, ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ ಅಂತ ಹೇಳಿದವ್ರೂ ಇದ್ದಾರ.

ಎರಡರಿಂದ ಮೂರನೇ ಗೇರಿಗೆ ಬೀಳೋವಾಗ ಒಂದು ಜರ್ಕ್. ಮಷೀನ್ ಹಚ್ಚಿ ಫ್ಲಶ್ ಮಾಡ್ಸ್ರಿ ಅಂತ ಒಬ್ರು, ಗೇರ್ ಆಯಿಲ್ ಮುಟ್ಟಲೇಬ್ಯಾಡ್ರಿ ಅಂತ ಇನ್ನೊಬ್ರು.

ಡಿ (ಡ್ರೈವ್) ಗೇರಿನಾಗ ಬ್ರೇಕ್ ಹಿಡಿದು ನಿಂತ್ರ ಸೀಟಿನ ತನಕ ನಡುಕ. ಮುಂದಿನ ಎಡಗಡಿ ಚಕ್ರ ಸ್ಪೀಡ್ ಬ್ರೇಕರ್ ಇಳಿಯೋವಾಗ ಟಕ್ ಅಂತದ. ಇದರ ಜೋಡಿ ಟೈಮಿಂಗ್ ಬೆಲ್ಟ್ ಎಷ್ಟು ಕಿ.ಮೀ.ಗೆ ಬದಲ್ ಮಾಡಬೇಕು ಅನ್ನೋದೂ ಹೇಳ್ರಿ.

ಒಂದೇ ಸಲಕ್ಕ ಎಲ್ಲಾ ಮಾಡ್ಸಲಾಕ ಆಗಲ್ಲ. ಮನ್ಯಾಗ ಆಗೋದು ಯಾವುದು, ಗ್ಯಾರೇಜ್ ಬೇಕಾಗೋದು ಯಾವುದು?

---

ಸ್ಪ್ಯಾನರ್_17 (ಕಲಬುರಗಿ)

ಪಂಪ್ ಬದಲ್ ಮಾಡಬ್ಯಾಡ್ರಿ, ಇನ್ನೂ ಅಲ್ಲಿಗಿ ಬಂದಿಲ್ಲ. ಲೆವೆಲ್ ಇಳೀದೇ ನೊರಿ ಬರ್ಲಾಕತ್ತದ ಅಂದ್ರ ಆಯಿಲ್ ಹೊರಗ ಸೋರ್ತಿಲ್ಲ, ಗಾಳಿ ಒಳಗ ಹೊಂಟದ. ಪಂಪ್ ಡಬ್ಬಿಯಿಂದ ಆಯಿಲ್ ಎಳ್ಕೊಳ್ಳೋ ಕಡಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮಿ ಇರ್ತದ. ಅಲ್ಲಿಯ ಓ-ರಿಂಗ್ (ರಬ್ಬರ್ ಬಳೆ) ಒಣಗಿ ಗಟ್ಟಿ ಆಯ್ತಂದ್ರ ಹನಿ ಆಯಿಲ್ ಹೊರಗ ಬೀಳಲ್ಲ, ಗಾಳಿ ಮಾತ್ರ ಎಳ್ಕೋತದ. ಮುಂಜಾನಿ ಆಯಿಲ್ ದಪ್ಪ, ರಬ್ಬರ್ ಬಿರುಸು, ಅದಕ್ಕ ಸದ್ದು ಜೋರು. ಇಂಜಿನ್ ಕಾದ ಮ್ಯಾಲ ರಬ್ಬರ್ ಜರಾ ಮೆತ್ತಗಾಗಿ ಕೂಡ್ತದ, ಸದ್ದು ಇಳೀತದ. ಪಂಪಿನ ಬೇರಿಂಗೇ ಹೋಗಿದ್ರ ಬಿಸಿ ಆದ್ರೂ ಸದ್ದು ಇರ್ತದ, ಸ್ಟೀರಿಂಗ್ ಮುಟ್ಟದಿದ್ರೂ ಇರ್ತದ.

ಅರ್ಧ ತಾಸಿನ ಕೆಲಸ, ಮನ್ಯಾಗೇ ಆಗ್ತದ. ಇಂಜಿನ್ ತಣ್ಣಗಿರಲಿ. ಬಾನೆಟ್ ಎತ್ತಿದ್ರ ಬೆಲ್ಟ್ ಕಡಿ ಮುಂದ, ಮ್ಯಾಲೇ ಪಂಪ್ ಕಾಣ್ತದ. ಡಬ್ಬಿಯಿಂದ ಬಂದ ದಪ್ಪ ರಬ್ಬರ್ ಪೈಪು ಒಂದು ಅಲ್ಯೂಮಿನಿಯಂ ಎಲ್ಬೋಕ್ಕ ಕೂಡ್ತದ, ಆ ಎಲ್ಬೋ ಪಂಪಿಗೆ 10 ಮಿ.ಮೀ. ತಲೆಯ ಬೋಲ್ಟಿನಿಂದ ಬಿಗಿದಿರ್ತದ. ರಿಂಗ್ ಅದರ ಬುಡದಾಗ. ಮೊದಲ ಸಿರಿಂಜಿನಿಂದ ಡಬ್ಬಿ ಖಾಲಿ ಮಾಡ್ರಿ. ಪಂಪಿನ ಕೆಳಗೇ ಆಲ್ಟರ್ನೇಟರ್ ಅದ, ಅದರ ಮ್ಯಾಲ ದಪ್ಪ ಅರಿಬಿ ಹೊದಿಸ್ರಿ. ಆಯಿಲ್ ಅದರೊಳಗ ಇಳಿದ್ರ ಬ್ರಶ್ ಕೆಡ್ತದ, ಐವತ್ತು ರೂಪಾಯಿ ಕೆಲಸ ಸಾವಿರಾರಕ್ಕ ಹೋಗ್ತದ.

ಬೋಲ್ಟ್ ಬಿಚ್ಚಿ ಎಲ್ಬೋ ಎತ್ತಿ ಹಳೇ ರಿಂಗ್ ಕೈಯಾಗ ಹಿಡಿದು ನೋಡ್ರಿ. ಗುಂಡಗಿನ ಅಂಚು ಹೋಗಿ ಚಪ್ಪಟೆ ಆಗಿರ್ತದ, ಉಗುರು ಒತ್ತಿದ್ರ ಗುರುತು ಬೀಳಲ್ಲ, ಮಡಚಿದ್ರ ಹೊರಗಿನ ಮೈ ಸೀಳು ಬಿಡ್ತದ. ಹಂಗಿದ್ರ ರೋಗ ಅದೇ. ಹೊಸಾದು ಚಾಸಿ ನಂಬರ್ ಕೊಟ್ಟು ಓರಿಜಿನಲ್ ತರಿಸ್ರಿ. ಒಳಗಿನ ಅಳತಿ 14 ಮಿ.ಮೀ. ಮ್ಯಾಲ ಚಿಲ್ಲರೆ, ದಪ್ಪ 2 ಮಿ.ಮೀ.ಗಿಂತ ಕೂದಲೆಳಿ ಕಡಿಮಿ. ಸನಿ ಸನಿ ಅಳತಿ ಅಂತ ನಳದ ಅಂಗಡಿ ರಿಂಗ್ ಹಾಕಬ್ಯಾಡ್ರಿ, ಆಯಿಲ್ ಮತ್ತ ಬಿಸಿ ಎರಡೂ ಅದಕ್ಕ ತಡಿಯಲ್ಲ. ಕೂಡಿಸೋವಾಗ ಗ್ರೀಸ್ ಬ್ಯಾಡ, ಸ್ಟೀರಿಂಗ್ ಆಯಿಲನ್ನೇ ಬೆರಳಿನಿಂದ ಹಚ್ರಿ. ಬೋಲ್ಟ್ 11 ನ್ಯೂಟನ್ ಮೀಟರ್ ಬಿಗಿ, ಅಂದ್ರ ಸಣ್ಣ ರ‍್ಯಾಚೆಟ್ ಹಿಡಿದು ಮಣಿಕಟ್ಟಿನ ಜೋರು ಸಾಕು. ಎಳೆ ಅಲ್ಯೂಮಿನಿಯಂದು, ಅದು ಕಿತ್ತು ಬಂತಂದ್ರ ಆಗ ಖರೇನೇ ಪಂಪ್ ಬದಲ್.

ಆಯಿಲ್ ಹೋಂಡಾ ಪವರ್ ಸ್ಟೀರಿಂಗ್ ಫ್ಲೂಯಿಡ್ ಮಾತ್ರ. ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಆಯಿಲ್) ಹಾಕೋ ಚಟ ನಮ್ಮ ಕಡಿ ಭಾಳ ಅದ, ಈ ಗಾಡಿಯ ಸೀಲ್ ಅದಕ್ಕ ಮಾಡಿದ್ದಲ್ಲ. ಡಬ್ಬಿ ಮ್ಯಾಲಿನ ಗೀಟಿನ ತನಕ ತುಂಬಿ ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಈ ಕೊನಿಯಿಂದ ಆ ಕೊನಿ ತನಕ ನಿಧಾನ ಐದಾರು ಸಲ ತಿರುಗಿಸ್ರಿ. ಕೊನ್ಯಾಗ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡೀಬ್ಯಾಡ್ರಿ, ಪಂಪ್ ಪೂರಾ ಒತ್ತಡಕ್ಕ ಹೋಗ್ತದ. ಬಂದ್ ಮಾಡಿ ಗುಳ್ಳಿ ಏರಲಾಕ ಬಿಟ್ಟು ಮತ್ತ ಲೆವೆಲ್ ನೋಡ್ರಿ. ಎರಡು ದಿನ ಆದ ಮ್ಯಾಲೂ ನೊರಿ ಇದ್ರ ಡಬ್ಬಿ ಕೆಳಗಿನ ಪೈಪಿನ ಸ್ಪ್ರಿಂಗ್ ಕ್ಲಿಪ್ ಸಡಿಲ, ಇಲ್ಲಾ ಪೈಪಿನ ತುದಿ ಬಿರುಕು.

ಟೈಮಿಂಗ್ ಬೆಲ್ಟ್ ಚಿಂತಿ ಬಿಡ್ರಿ. ಈ ಕೆ24 ಇಂಜಿನಿಗೆ ಚೈನ್ ಅದ, ಕಿ.ಮೀ. ಲೆಕ್ಕದಾಗ ಬದಲ್ ಮಾಡೋದಿಲ್ಲ. ಆಯಿಲ್ ವೇಳೆಕ್ಕ ಬದಲ್ ಮಾಡಿದ್ರ ಚೈನ್ ಸುಮ್ಮನಿರ್ತದ. ಹೊರಗಿನ ಫ್ಯಾನ್ ಬೆಲ್ಟ್ ಮಾತ್ರ ಬಿರುಕು ಬಿಟ್ಟದೇನು ನೋಡ್ರಿ.

---

ಬಿದರಿ_ಬೋಲ್ಟ್ (ಬೀದರ್)

ಬಿಸಿಯ ವಿಷಯಕ್ಕೆ ಬರುತ್ತೇನೆ. ನಿಂತಾಗ ಏರುತ್ತದೆ, ಓಡಿದಾಗ ಇಳಿಯುತ್ತದೆ, ಏಸಿಯೂ ಅದೇ ತಾಳಕ್ಕೆ ಕುಣಿಯುತ್ತದೆ. ಓಡುವಾಗ ಎದುರುಗಾಳಿ ರೇಡಿಯೇಟರ್ ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಅಂದರೆ ಫ್ಯಾನ್ ತಿರುಗುತ್ತಿಲ್ಲ, ಅಥವಾ ತಿರುಗಿದರೂ ಗಾಳಿ ತೂರಿ ಹೋಗಲು ದಾರಿಯಿಲ್ಲ. ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೆ ಹೈವೇಯಲ್ಲಿ ಇನ್ನೂ ಬೇಗ ಬಿಸಿಯಾಗಬೇಕಿತ್ತು.

ಈ ಗಾಡಿಗೆ ಅಕ್ಕಪಕ್ಕ ಎರಡು ಫ್ಯಾನ್: ಒಂದು ರೇಡಿಯೇಟರಿನದು, ಒಂದು ಏಸಿ ಗ್ಯಾಸ್ ತಣಿಸುವ ಕಂಡೆನ್ಸರಿನದು. ಇಂಜಿನ್ ಚಾಲೂ ಇಟ್ಟು ಏಸಿ ಒತ್ತಿ ನೋಡಿ, ಎರಡೂ ಒಟ್ಟಿಗೆ ತಿರುಗಬೇಕು. ಒಂದೇ ತಿರುಗಿದರೆ ಮೊದಲು ಬಾನೆಟ್ ಕೆಳಗಿನ ಪೆಟ್ಟಿಗೆಯಲ್ಲಿ ಅದರ ಫ್ಯೂಸ್ ನೋಡಿ. ಫ್ಯೂಸ್ ಚೆನ್ನಾಗಿದ್ದರೆ ಅದೇ ನಂಬರಿನ ಪಕ್ಕದ ರಿಲೇ ಕಿತ್ತು ಅದಲುಬದಲು ಮಾಡಿ ಹಾಕಿ. ಆಗಲೂ ತಿರುಗದಿದ್ದರೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಏಸಿ ಹಾಕಿಸಿ, ಮೀಟರಿನಲ್ಲಿ 12 ವೋಲ್ಟ್ ಬರುತ್ತದೆಯೇ ನೋಡಿ. ಬಂದರೆ ಮೋಟರ್ ಸತ್ತಿದೆ, ಬರದಿದ್ದರೆ ವೈರ್ ಅಥವಾ ರಿಲೇ ಕಡೆಯ ದೋಷ. ಇಂಜಿನ್ ಚಾಲೂ ಇರುವಾಗ ಫ್ಯಾನ್ ರೆಕ್ಕೆಯ ಹತ್ತಿರ ಕೈ ತರಬೇಡಿ, ಹೇಳದೆ ತಿರುಗುತ್ತದೆ.

ಎರಡೂ ತಿರುಗುತ್ತಿದ್ದರೆ ದಾರಿ ಕಟ್ಟಿದೆ ಎಂದರ್ಥ. ಕಂಡೆನ್ಸರಿನ ಮುಂಭಾಗ ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತದೆ; ಕೊಳೆ ಕೂರುವುದು ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಬೆರಳಗಲದ ಸಂದಿಯಲ್ಲಿ. ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡಿದ ಗಾಡಿಗಳಲ್ಲಿ ಕಲ್ಲಿನ ಪುಡಿ, ಸಿಮೆಂಟ್ ಧೂಳು, ತೊಗರಿ ರಾಶಿಯ ಹೊತ್ತಿನ ಹೊಟ್ಟು ಎಲ್ಲ ಸೇರಿ ಹೆಪ್ಪುಗಟ್ಟಿರುತ್ತದೆ. ಮೇಲಿನ ಬ್ರ್ಯಾಕೆಟ್ ಬಿಚ್ಚಿ ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ತೋಟದ ಪೈಪಿನ ನೀರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಿ. ಪ್ರೆಶರ್ ವಾಷರ್ ಬೇಡವೇ ಬೇಡ. ಅದರ ಹೊಡೆತಕ್ಕೆ ರೇಡಿಯೇಟರಿನ ತೆಳು ರೆಕ್ಕೆಗಳು ಮಲಗಿಬಿಡುತ್ತವೆ, ಆಮೇಲೆ ಗಾಳಿ ಶಾಶ್ವತವಾಗಿ ಬಂದ್.

ಥರ್ಮೋಸ್ಟಾಟ್ ಕಿತ್ತೊಗೆಯುವುದು ಬಿಸಿಲ ನಾಡಿನ ಹಳೆಯ ಸಲಹೆ, ಈ ಇಂಜಿನಿಗೆ ಕೆಟ್ಟ ಸಲಹೆ. ಅದು 76ರಿಂದ 80 ಡಿಗ್ರಿಗೆ ತೆರೆಯಲು ಶುರುವಾಗಿ 90ಕ್ಕೆ ಪೂರ್ತಿ ತೆರೆಯುತ್ತದೆ. ಹೊರಗೆ 44 ಡಿಗ್ರಿ ಇದ್ದರೂ ಅದು ಕಾಯುವುದು ಒಳಗಿನ ನೀರಿನ ಬಿಸಿಯನ್ನು. ಕಿತ್ತರೆ ರೇಡಿಯೇಟರಿಗೆ ಹೋಗದೆ ಇಂಜಿನಿನಲ್ಲೇ ಸುತ್ತುವ ಬೈಪಾಸ್ ದಾರಿ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ತಣಿಯದೆ ತಿರುಗುತ್ತಿರುತ್ತದೆ. ಹೈವೇಯಲ್ಲಿ ಇಂಜಿನ್ ತೀರಾ ತಣ್ಣಗೆ ಓಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಗದ್ದಲದಲ್ಲಿ ಮತ್ತೆ ಬಿಸಿ. ಅನುಮಾನವಿದ್ದರೆ ಬಿಚ್ಚಿ ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಕಾಯಿಸಿ. ಪೂರ್ತಿ ತೆರೆದಾಗ ಸುಮಾರು 8 ಮಿ.ಮೀ. ಎದ್ದಿರಬೇಕು.

ಕೂಲೆಂಟ್ ಯಾವಾಗ ಹಾಕಿದ್ದು ಗೊತ್ತಿಲ್ಲ ಅಂದಮೇಲೆ ಬದಲಿಸಿಬಿಡಿ. ಹೋಂಡಾ ಟೈಪ್ 2, ನೀಲಿ ಬಣ್ಣದ್ದು, ಬೆರೆಸಿಯೇ ಬರುತ್ತದೆ, ನೀರು ಸೇರಿಸುವ ಹಾಗಿಲ್ಲ. ಆರು ಲೀಟರ್ ತಂದಿಟ್ಟುಕೊಂಡರೆ ಮಿಗುತ್ತದೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಯಾಪ್ ತೆಗೆದು ಕೆಳಗಿನ ಡ್ರೇನ್ ಬಿಚ್ಚಿ ಇಳಿಸಿ. ಮತ್ತೆ ತುಂಬುವಾಗ ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಕ್ಯಾಪ್ ಸಡಿಲ ಇಟ್ಟು, ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಚಾಲೂ ಇಡಿ. ಗಾಳಿ ಹೊರಬಿದ್ದು ಮಟ್ಟ ಇಳಿಯುತ್ತದೆ, ತಣಿದ ಮೇಲೆ ಅಷ್ಟನ್ನೇ ತುಂಬಿ.

ಬೋರ್‌ವೆಲ್ ನೀರು ಒಂದು ಲೋಟವೂ ಬೇಡ. ಕಲಬುರಗಿಯದು ಸುಣ್ಣಕಲ್ಲಿನ ಸೀಮೆ, ನೀರಿನಲ್ಲಿ ಕ್ಯಾಲ್ಸಿಯಂ ಹೇರಳ. ಈ ಕೂಲೆಂಟಿನಲ್ಲಿ ತುಕ್ಕು ತಡೆಯಲು ಫಾಸ್ಫೇಟ್ ಇರುತ್ತದೆ. ಎರಡೂ ಕೂಡಿದರೆ ಬಿಳಿ ಗಸಿ ಇಳಿದು ರೇಡಿಯೇಟರಿನ ಸಣ್ಣ ಕೊಳವೆ ಕಟ್ಟುತ್ತವೆ. ದಾರಿಯಲ್ಲಿ ಅನಿವಾರ್ಯವಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ. ಹಾಗೆಯೇ ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ. ಅದು ಸುಮಾರು 1.1 ಬಾರ್ ಒತ್ತಡ ಹಿಡಿದಿಟ್ಟರೆ ಕೂಲೆಂಟ್ ಕುದಿಯುವ ಮಟ್ಟ 120 ಡಿಗ್ರಿ ದಾಟುತ್ತದೆ. ಕ್ಯಾಪಿನ ರಬ್ಬರ್ ಸಡಿಲವಾದರೆ ಆ ಇಪ್ಪತ್ತು ಡಿಗ್ರಿ ಕೈಬಿಟ್ಟಂತೆ.

---

ಭೀಮಾ_ದಂಡಿ (ಯಾದಗಿರಿ)

ಗೇರ್ ಆಯಿಲ್ ಬಗ್ಗೆ ಇಬ್ಬರ ಮಾತೂ ಅರ್ಧ ಅರ್ಧ ಖರೇ. ಮಷೀನ್ ಫ್ಲಶ್ ಬ್ಯಾಡ, ಆದ್ರ ಆಯಿಲ್ ಬದಲ್ ಮಾಡ್ಲೇಬೇಕು. ಹಂಗೇ ಬಿಡ್ಸಿ ತುಂಬ್ರಿ, ಮೂರು ಸಲ. ಒಂದು ಸಲಕ್ಕ ಎರಡೂವರಿಯಿಂದ ಮೂರು ಲೀಟರ್ ಬರ್ತದ, ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತ ಕ್ಲಚ್ ಒಳಗೇ ಇರ್ತದ. ಮೂರು ಸಲ ಆದ ಮ್ಯಾಲ ನಾಲ್ಕರಾಗ ಮೂರು ಪಾಲು ಹೊಸಾ ಆಯಿಲ್ ಆಗ್ತದ. ಒಂದಕ್ಕೂ ಇನ್ನೊಂದಕ್ಕೂ ನಡುವ ಎಲ್ಲಾ ಗೇರ್ ಬೀಳೋ ಹಂಗ ಐವತ್ತು-ನೂರು ಕಿ.ಮೀ. ಓಡ್ಸ್ರಿ. ಒಟ್ಟು ಒಂಬತ್ತು ಲೀಟರ್ ತರಿಸ್ಕೋರಿ.

ಆಯಿಲ್ ಹೋಂಡಾ ಎಟಿಎಫ್ ಡಿಡಬ್ಲ್ಯು-1. ಗಾಡಿ ಬುಕ್ಕಿನಾಗ ಎಟಿಎಫ್-ಜೆಡ್1 ಅಂತ ಇರ್ತದ, ಅದರ ಜಾಗಕ್ಕ ಬಂದದ್ದೇ ಇದು. ಡೆಕ್ಸ್‌ರಾನ್ ಅನ್ನೋ ಬ್ಯಾರೆ ಎಟಿಎಫ್ ಹಾಕಬ್ಯಾಡ್ರಿ, ಕ್ಲಚ್ ಹಿಡಿಯೋ ರೀತಿ ಬ್ಯಾರೆ, ಜರ್ಕ್ ಇನ್ನೂ ಹೆಚ್ಚಾಗ್ತದ.

ಇಲ್ಲಿ ಒಂದು ಭಾರೀ ಗಡಬಡಿ ಆಗ್ತದ, ಲಕ್ಷ್ಯ ಕೊಡ್ರಿ. ಗಾಡಿ ಕೆಳಗ ಎರಡು ಡ್ರೇನ್ ಬೋಲ್ಟ್ ಅವ. ಇಂಜಿನ್ ಆಯಿಲಿನದಕ್ಕ 17 ಮಿ.ಮೀ. ಆರು ಮೂಲಿ ತಲೆ. ಗೇರ್ ಬಾಕ್ಸಿನದಕ್ಕ ನಡುವ ಚೌಕ ತೂತು, ಮೂರು ಸೂತು ಅಂತಾರಲ್ಲ, ಆ ಎಂಟನೇ ಮೂರು ಇಂಚಿನ ರ‍್ಯಾಚೆಟ್ ನೇರ ಅದರಾಗ ಕೂಡ್ತದ, ಸಾಕೆಟ್ ಬೇಕಾಗಲ್ಲ. ಹೊಸ ಹುಡುಗ್ರು ಚೌಕ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಬಿಡ್ತಾರ, ಮ್ಯಾಲ ಇಂಜಿನಿಗೆ ನಾಲ್ಕು ಲೀಟರ್ ಸುರೀತಾರ. ಇಂಜಿನ್‌ದಾಗ ಎಂಟು ಲೀಟರ್, ಗೇರ್ ಬಾಕ್ಸ್ ಖಾಲಿ. ಗಾಡಿ ಹತ್ತು ಹೆಜ್ಜಿ ಹೋಗಿ ನಿಲ್ತದ. ಕೆಂಪು ಅಥವಾ ಕಂದು ಬಣ್ಣ ತೆಳ್ಳಗ ಬಂದ್ರ ಅದು ಗೇರ್ ಆಯಿಲ್, ಅಲ್ಲೇ ನಿಲ್ಸ್ರಿ.

ಗೇರ್ ಬೋಲ್ಟಿಗೆ ಅಯಸ್ಕಾಂತ ಇರ್ತದ. ಅದರ ಮ್ಯಾಲ ಬೂದಿಯಂಥ ಮೆತ್ತನ್ನ ಪುಡಿ ಇದ್ರ ಸಹಜ, ಒರಸಿ ಹಾಕ್ರಿ. ಬೆರಳಿಗೆ ಚುಚ್ಚೋ ಚೂರು ಸಿಕ್ರ ಒಳಗ ಗೇರ್ ಇಲ್ಲಾ ಬೇರಿಂಗ್ ತಿನ್ಲಾಕತ್ತದ. ಆಗ ಆಯಿಲ್ ಬದಲ್ ಮಾಡಿ ಉಪಯೋಗ ಇಲ್ಲ. ವಾಷರ್ 18 ಮಿ.ಮೀ.ದು, ಪ್ರತಿ ಸಲ ಹೊಸಾದು. ಬಿಗಿ 49 ನ್ಯೂಟನ್ ಮೀಟರ್. ಬಿಟ್ಟ ಆಯಿಲನ್ನ ಲೀಟರ್ ಬಾಟ್ಲಿಯಿಂದ ಅಳೆದು ಅಷ್ಟೇ ತುಂಬ್ರಿ. ಲೆವೆಲ್ ನೋಡೋ ರೀತಿನೂ ಬ್ಯಾರೆ: ಸಪಾಟ ಜಾಗದಾಗ, ಫ್ಯಾನ್ ಬರೋ ತನಕ ಕಾಸಿ, ಇಂಜಿನ್ ಬಂದ್ ಮಾಡಿ, ಒಂದು ನಿಮಿಷ ಆದ ಮ್ಯಾಲ ಒಂದೂವರಿ ನಿಮಿಷದ ಒಳಗ ಕಡ್ಡಿ ಎಳೆದು ನೋಡಬೇಕು. ಚಾಲೂ ಇಟ್ಟು ನೋಡಿದ್ರ ಕಡಿಮಿ ತೋರಿಸ್ತದ, ತುಂಬಿ ತುಂಬಿ ಹೆಚ್ಚು ಆಗ್ತದ.

ಮೂರು ಸಲ ಆದ್ರೂ ಎರಡರಿಂದ ಮೂರಕ್ಕ ಜರ್ಕ್ ಇದ್ರ ಗೇರ್ ಬಾಕ್ಸ್ ಬಿಚ್ಚಲಾಕ ಒಪ್ಪಬ್ಯಾಡ್ರಿ. ಹೊರಗಿನಿಂದ ತಿರುಪಿನಂಗ ಕೂಡೋ ಕ್ಲಚ್ ಪ್ರೆಶರ್ ಸ್ವಿಚ್ ಅವ, ಅವನ್ನ ಬದಲ್ ಮಾಡಿ ನೋಡ್ರಿ. ಆಯಿಲ್ ಬದಲ್ ಮಾಡೋ ಮುಂಚೆ ಕಡ್ಡಿ ತುದಿಯ ಬಣ್ಣ ಮತ್ತ ರೇಡಿಯೇಟರ್ ಕ್ಯಾಪ್ ಒಳಗ ಎರಡೂ ನೋಡ್ರಿ. ಗೇರ್ ಆಯಿಲ್ ತಣಿಸೋ ಕೊಳವಿ ರೇಡಿಯೇಟರಿನ ಒಳಗೇ ಅದ. ಅದು ತೂತು ಬಿದ್ರ ಆಯಿಲ್ ಗುಲಾಬಿ ಮಜ್ಜಿಗಿ ಬಣ್ಣಕ್ಕ ತಿರುಗ್ತದ. ಹಂಗ ಕಂಡ್ರ ಗಾಡಿ ಚಾಲೂ ಮಾಡಲೇಬ್ಯಾಡ್ರಿ.

---

ಹಳೇ_ಗೇರ್ (ಕಲಬುರಗಿ)

ಎಲ್ಲಾ ಬರೋಬರಿ ಹೇಳ್ಯಾರ. ಇಂಜಿನ್ ಆಯಿಲ್ ಮಾತ್ರ ನಮ್ಮ ಬಿಸಿಲಿಗೆ 20ಡಬ್ಲ್ಯು-50 ಹಾಕ್ರಿ. ಹಳೇ ಇಂಜಿನ್, ದಪ್ಪ ಆಯಿಲ್ ಇದ್ರ ಸದ್ದು ಕಡಿಮಿ.

---

ಬಿದರಿ_ಬೋಲ್ಟ್ (ಬೀದರ್)

ಇದನ್ನು ಒಪ್ಪಲಾಗದು. ಸವೆದು ಆಯಿಲ್ ಕುಡಿಯುವ ಇಂಜಿನಿಗೆ ಆ ಮಾತು, ಇದು ಕುಡಿಯುತ್ತಿಲ್ಲ. ಕೆ24ರಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಮುಂದೆ ಹಿಂದೆ ಸರಿಸುವುದು, ವಾಲ್ವ್ ಎತ್ತರ ಬದಲಿಸುವ ವಿಟೆಕ್ ಪಿನ್ ತಳ್ಳುವುದು ಎರಡೂ ಆಯಿಲ್ ಒತ್ತಡವೇ. ಆ ದಾರಿಗಳು ಕಿರಿದು, ಅವುಗಳಲ್ಲಿ ಸಣ್ಣ ಜಾಲರಿ ಬೇರೆ. 20ಡಬ್ಲ್ಯು-50ರಂಥ ದಪ್ಪ ಆಯಿಲ್ ಮುಂಜಾನೆ ತಲುಪುವುದು ತಡ, ಮೊದಲ ಕ್ಷಣಗಳ ಸವೆತ ಅಲ್ಲೇ ಆಗುತ್ತದೆ. 5ಡಬ್ಲ್ಯು-30 ಸಿಂಥೆಟಿಕ್, ಫಿಲ್ಟರ್ ಸೇರಿ 4.2 ಲೀಟರ್. ಬೇಸಿಗೆಯಲ್ಲಿ ಉದ್ದ ಓಡಿಸುವವರು 5ಡಬ್ಲ್ಯು-40 ಹಾಕಿದರೆ ಅಡ್ಡಿಯಿಲ್ಲ, ಅದಕ್ಕೂ ಮೇಲೆ ಬೇಡ. ಡ್ರೇನ್ ಬೋಲ್ಟ್ 14 ಮಿ.ಮೀ. ವಾಷರ್ ಹೊಸದು ಹಾಕಿ 39 ನ್ಯೂಟನ್ ಮೀಟರ್‌ಗೆ ಬಿಗಿಸಿ. ಪ್ಯಾನ್ ಅಲ್ಯೂಮಿನಿಯಂ, ಮಾರುದ್ದದ ಪಾನಾ ಹಿಡಿದು ಎಳೆದರೆ ಎಳೆ ಕೀಳುತ್ತದೆ.

ಹಳೇ ಇಂಜಿನಿನ ಟಿಕ್ ಟಿಕ್ ಸದ್ದಿಗೆ ಆಯಿಲ್ ಮದ್ದಲ್ಲ, ವಾಲ್ವ್ ಕ್ಲಿಯರೆನ್ಸ್ ನೋಡಬೇಕು. ಇದರಲ್ಲಿ ತಾನೇ ಹೊಂದಿಕೊಳ್ಳುವ ಲಿಫ್ಟರ್ ಇಲ್ಲ, ಸ್ಕ್ರೂ ತಿರುಗಿಸಿ ಹೊಂದಿಸುವುದು. ಇನ್‌ಟೇಕ್ 0.21ರಿಂದ 0.25 ಮಿ.ಮೀ., ಎಕ್ಸಾಸ್ಟ್ 0.28ರಿಂದ 0.32. ಅಳೆಯುವಾಗ ಇಂಜಿನ್ ಹೆಡ್ 38 ಡಿಗ್ರಿಗಿಂತ ತಣ್ಣಗಿರಬೇಕು ಎಂಬುದು ನಿಯಮ. ಏಪ್ರಿಲ್-ಮೇಯಲ್ಲಿ ಕಲಬುರಗಿಯ ಮಧ್ಯಾಹ್ನ ರಾತ್ರಿಯಿಡೀ ನಿಂತ ಇಂಜಿನ್ ಕೂಡ ಆ ಅಂಕಿ ದಾಟಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಗಾಡಿ ಬಿಟ್ಟು, ಬೆಳಿಗ್ಗೆ ಗ್ಯಾರೇಜ್ ತೆರೆದ ಕೂಡಲೇ ಮೊದಲ ಕೆಲಸವಾಗಿ ಮಾಡಿಸಿ. ಬಿಸಿಯಲ್ಲಿ ಹೊಂದಿಸಿದ ಅಳತೆ ತಣಿದಾಗ ತಪ್ಪುತ್ತದೆ.

---

ಕೆಎ32_ಸೆಡಾನ್ (ಕಲಬುರಗಿ)

ಭಾಳ ಉಪಕಾರ ಆಯ್ತು. ಏಸಿ ಹಾಕಿದ್ರ ಒಂದೇ ಫ್ಯಾನ್ ತಿರುಗ್ಲಾಕತ್ತದ. ಫ್ಯೂಸ್ ಚಲೋ ಅದ, ರಿಲೇ ಅದಲುಬದಲ್ ಮಾಡಿದ್ರೂ ಹಂಗೇ, ಕನೆಕ್ಟರಿಗೆ 12.6 ವೋಲ್ಟ್ ಬರ್ತದ. ಓ-ರಿಂಗ್ ಚಪ್ಪಟೆ ಆಗಿತ್ತು, ಹೊಸಾದು ಆರ್ಡರ್ ಹಾಕೀನಿ. ನಡುಕ ಮತ್ತ ಎಡಗಡಿ ಟಕ್ ಸದ್ದಿಗೆ ಏನು ನೋಡ್ಲಿ? ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಈ ಗಾಡಿಗೆ ನಡೀತದೇನು?

---

ಬಿದರಿ_ಬೋಲ್ಟ್ (ಬೀದರ್)

ಹಾಗಾದರೆ ಮೋಟರ್. ಖರೀದಿಗೆ ಮುಂಚೆ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟು ಖಾತ್ರಿ ಮಾಡಿಕೊಳ್ಳಿ, ನಡುವೆ 20 ಆಂಪ್ ಫ್ಯೂಸ್ ಇರಲಿ. ಕೈಯಿಂದ ತಳ್ಳಿದರೆ ತಿರುಗಿ ಮತ್ತೆ ನಿಲ್ಲುವುದಾದರೆ ಬ್ರಶ್ ಸವೆದಿದೆ, ಮೋಟರ್ ರಿವೈಂಡಿಂಗ್ ಮಾಡುವವರು ಬ್ರಶ್ ಹಾಕಿಕೊಡುತ್ತಾರೆ. ಆದರೆ ಬುಷ್ ಸವೆದು ರೆಕ್ಕೆ ಅಲ್ಲಾಡುತ್ತಿದ್ದರೆ ಹೊಸದೇ ಹಾಕಿ. ಎಡಬಲ ಮೋಟರ್ ಒಂದೇ ರೀತಿ ಕಂಡರೂ ತಿರುಗುವ ದಿಕ್ಕು, ರೆಕ್ಕೆಯ ಲೆಕ್ಕ ಬೇರೆ ಇರಬಹುದು. ಹಳೆಯದನ್ನು ಜೊತೆಗೆ ಒಯ್ಯಿರಿ. ಇಂಥ ಹಳೆಯ ದೊಡ್ಡ ಗಾಡಿಯ ಸಾಮಾನು ನಮ್ಮ ಮೂರೂ ಜಿಲ್ಲೆಯಲ್ಲಿ ಕಪಾಟಿನಲ್ಲಿ ಇಟ್ಟಿರುವುದಿಲ್ಲ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಹುಡುಕಿಸುವುದೇ ಸಲೀಸು, ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ. ಅಲ್ಲಿಯವರೆಗೆ ಗದ್ದಲದಲ್ಲಿ ಏಸಿ ಹಾಕಬೇಡಿ. ಫ್ಯಾನ್ ಸರಿಯಾಗುವ ಮುಂಚೆ ಏಸಿ ಗ್ಯಾಸ್ ಕೂಡ ತುಂಬಿಸಬೇಡಿ. ಕಂಡೆನ್ಸರ್ ತಣಿಯದಿದ್ದಾಗ ಒತ್ತಡ ಹೇಗೂ ಏರಿರುತ್ತದೆ, ಅದರ ಮೇಲೆ ಗ್ಯಾಸ್ ಹೆಚ್ಚಾದರೆ ಕಂಪ್ರೆಸರಿಗೆ ಹೊರೆ.

ಇ20: ಈ ವಯಸ್ಸಿನ ಗಾಡಿ ಅದಕ್ಕೆಂದು ಮಾಡಿದ್ದಲ್ಲ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಮುಖ್ಯ ಚಿಂತೆ ಹಳೆಯ ರಬ್ಬರಿನದು. ಇಂಜಿನ್ ಕಡೆಯ ಪೆಟ್ರೋಲ್ ಪೈಪು, ಇಂಜೆಕ್ಟರ್ ಓ-ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಅಂದೇ ನೋಡಿಸಿ. ಎಥನಾಲ್ ತೇವ ಹೀರುತ್ತದೆ, ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ.

---

ಸ್ಪ್ಯಾನರ್_17 (ಕಲಬುರಗಿ)

ನಡುಕಕ್ಕ ಮೊದಲ ಖರ್ಚಿಲ್ಲದ್ದು ಮಾಡ್ರಿ. ಥ್ರಾಟಲ್ ಬಾಡಿ (ಇಂಜಿನಿಗೆ ಗಾಳಿ ಬಿಡೋ ಭಾಗ) ಸ್ವಚ್ಛ ಮಾಡಿ, ಏಸಿ, ಲೈಟ್ ಎಲ್ಲಾ ಬಂದ್ ಇಟ್ಟು, ಪಿ ಇಲ್ಲಾ ಎನ್‌ದಾಗ 3000 ಆರ್‌ಪಿಎಂ ಹಿಡಿದು ಫ್ಯಾನ್ ಬರೋ ತನಕ ಕಾಸ್ರಿ. ಆಮ್ಯಾಲ ಐದು ನಿಮಿಷ ಐಡಲ್ ಬಿಡ್ರಿ, ಕಂಪ್ಯೂಟರ್ ಹೊಸಾ ಐಡಲ್ ಕಲಿತದ. ನಡುಕ ಡಿದಾಗ ಮಾತ್ರ ಇದ್ದು ಎನ್‌ಗೆ ಹಾಕಿದ ಕೂಡ್ಲೆ ಹೋಗ್ತದ ಅಂದ್ರ ಇಂಜಿನ್ ಮೌಂಟ್ (ಇಂಜಿನ್ ಕೂಡೋ ರಬ್ಬರ್ ಗಾದಿ). ಬಾನೆಟ್ ಎತ್ತಿ, ಒಬ್ರು ಒಳಗ ಕುಂತು ಬ್ರೇಕ್ ಮತ್ತ ಹ್ಯಾಂಡ್ ಬ್ರೇಕ್ ಎರಡೂ ಗಟ್ಟಿ ಹಿಡಿದು, ಡಿಯಿಂದ ಆರ್‌ಗೆ, ಆರ್‌ನಿಂದ ಡಿಗೆ ಹಾಕಲಿ. ನೀವು ಬಾಜೂಕ ನಿಂತು ನೋಡ್ರಿ, ಗಾಡಿ ಮುಂದ ನಿಲ್ಲಬ್ಯಾಡ್ರಿ. ಇಂಜಿನ್ ಎರಡು ಬೆರಳಿಗಿಂತ ಹೆಚ್ಚು ಎದ್ದು ಕುಂತ್ರ ಮೌಂಟ್ ಹೋಗ್ಯದ. ಒಳಗ ದ್ರವ ತುಂಬಿದ ಮೌಂಟ್ ಒಡೆದ್ರ ಅದರ ಕೆಳಗ ಕರೀ ಎಣ್ಣಿ ಇಳಿದ ಗುರುತು ಇರ್ತದ. ಮೌಂಟಿಗೆ ಸಣ್ಣ ವ್ಯಾಕ್ಯೂಮ್ ಪೈಪು ಇದ್ರ ಅದು ಕಳಚ್ಯದೇನು ಮೊದಲ ನೋಡ್ರಿ. ಅಗ್ಗದ ಗಟ್ಟಿ ರಬ್ಬರಿನ ಮೌಂಟ್ ಹಾಕಿಸಿದ್ರ ಹೊಸಾದು ಹಾಕಿದ್ರೂ ನಡುಕ ಹೋಗಲ್ಲ.

ಟಕ್ ಸದ್ದಿಗೆ ಮುಂದಿನ ಎರಡೂ ಚಕ್ರ ಜ್ಯಾಕ್ ಮ್ಯಾಲ ಎತ್ತಿ ಸ್ಟ್ಯಾಂಡ್ ಮ್ಯಾಲ ನಿಲ್ಸ್ರಿ. ಚಕ್ರ ಮ್ಯಾಲ-ಕೆಳಗ ಹಿಡಿದು ಅಲ್ಲಾಡಿಸಿದ್ರ ಆಟ ಇದ್ರ ಬಾಲ್ ಜಾಯಿಂಟ್ (ಚಕ್ರ ಮತ್ತ ಆರ್ಮ್ ಕೂಡೋ ಗುಂಡು ಕೀಲು), ಎಡ-ಬಲ ಹಿಡಿದಾಗ ಇದ್ರ ಟೈ ರಾಡ್ ಎಂಡ್. ಎರಡೂ ಇಲ್ಲಂದ್ರ ಸ್ಟೆಬಿಲೈಸರ್ ಲಿಂಕ್, ಅದು ಅಗ್ಗ, ಎರಡೂ ಕಡಿ ಕೂಡೇ ಬದಲ್ ಮಾಡ್ರಿ. ನಟ್ 14 ಮಿ.ಮೀ., ನಡುವಿನ ಪಿನ್ 5 ಮಿ.ಮೀ. ಎಲನ್ ಕೀಯಿಂದ ಹಿಡೀಬೇಕು, ಇಲ್ಲಂದ್ರ ನಟ್ ಜೋಡಿ ಪಿನ್ನೂ ತಿರುಗ್ತದ. ಲೋವರ್ ಆರ್ಮಿನ ಹಿಂದಿನ ದಪ್ಪ ಬುಷ್ ಸೀಳಿದ್ರ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡಿ ಎಳೀತದ, ಟಾರ್ಚ್ ಬಿಟ್ಟು ನೋಡಿದ್ರ ಬಿರುಕು ಕಾಣ್ತದ.

---

ಕೆಎ32_ಸೆಡಾನ್ (ಕಲಬುರಗಿ)

ಎಡಗಡಿ ಚಕ್ರ ಮ್ಯಾಲ-ಕೆಳಗ ಹಿಡಿದ್ರ ಆಟ ಅದರಿ, ಟಕ್ ಅಂತ ಕೈಗೆ ತಿಳೀತದ. ಫ್ಯಾನ್ ಮೋಟರ್ ಜೋಡಿ ತರಲಾಕ ಹೈದರಾಬಾದಿಗೆ ಇದೇ ಗಾಡಿ ಒಯ್ಯಬೇಕಂತ ಮಾಡೀನಿ. ನಡೀತದೇನು?

---

ಸ್ಪ್ಯಾನರ್_17 (ಕಲಬುರಗಿ)

ಬ್ಯಾಡ್ರಿ. ಬಸ್ಸಿಗೆ ಹೋಗ್ರಿ. ಉಳಿದದ್ದೆಲ್ಲಾ ತಿಂಗಳು ತಡಿತದ, ಇದು ತಡಿಯಲ್ಲ. ಲೋವರ್ ಬಾಲ್ ಜಾಯಿಂಟ್ ಸಾಕೆಟ್‌ನಿಂದ ಕಳಚಿತಂದ್ರ ಚಕ್ರ ಮಡಚಿ ಒಳಗ ಬೀಳ್ತದ, ಸ್ಟೀರಿಂಗ್ ಕೈಯಾಗ ಇದ್ರೂ ಗಾಡಿ ಕೈಯಾಗ ಇರಲ್ಲ. ಅದನ್ನ ನಕಲ್ ಅನ್ನೋ ಚಕ್ರ ಹಿಡಿಯೋ ಭಾಗದಾಗ ಪ್ರೆಸ್ ಮಾಡಿ ಕೂಡ್ಸಿರ್ತಾರ, ಸುತ್ತಿಗಿ ಹೊಡೆಯೋ ಕೆಲಸ ಅಲ್ಲ, ಪ್ರೆಸ್ ಇದ್ದ ಗ್ಯಾರೇಜೇ ಬೇಕು. ಮ್ಯಾಲಿನ ಆರ್ಮಿನ ಜಾಯಿಂಟೂ ಅದೇ ಹೊತ್ತಿಗೆ ನೋಡಸ್ರಿ, ಬಲಗಡಿದೂ ನೋಡಸ್ರಿ.

ಮಿಸ್ತ್ರಿಗೆ ಒಂದು ಮಾತು ಮೊದಲೇ ಹೇಳ್ರಿ: ಆರ್ಮಿನ ಬುಷ್ ಬೋಲ್ಟನ್ನ ಗಾಡಿ ಎತ್ತಿದಾಗ ಬರೀ ಕೈಬಿಗಿ ಮಾಡ್ಲಿ, ಪೂರಾ ಬಿಗಿ ಚಕ್ರದ ಮ್ಯಾಲ ಗಾಡಿ ಭಾರ ಕುಂತ ಮ್ಯಾಲೇ. ತೂಗಾಡೋ ಆರ್ಮಿಗೆ ಬಿಗಿದ್ರ ಗಾಡಿ ಇಳಿಸಿದ ಕೂಡ್ಲೆ ಬುಷ್ ರಬ್ಬರ್ ತಿರುಚಿಕೊಂಡೇ ಇರ್ತದ, ಆರು ತಿಂಗಳಿನಾಗ ಸೀಳ್ತದ. ಚಕ್ರದ ನಟ್ 108 ನ್ಯೂಟನ್ ಮೀಟರ್, ಗನ್ ಹಚ್ಚಿ ಬಿಗಿಸಬ್ಯಾಡ್ರಿ, ಬ್ರೇಕ್ ಡಿಸ್ಕ್ ಸೊಟ್ಟ ಆಗ್ತದ. ಆಮ್ಯಾಲ ವ್ಹೀಲ್ ಅಲೈನ್‌ಮೆಂಟ್. ಅಲೈನ್‌ಮೆಂಟಿಗೆ ಹೋದಾಗ ಟೈರಿನ ಬಾಜೂಕ ಇರೋ ನಾಲ್ಕಂಕಿ ನೋಡ್ರಿ, ಮೊದಲಿನ ಎರಡಂಕಿ ಟೈರ್ ತಯಾರಾದ ವಾರ, ಕಡೀ ಎರಡಂಕಿ ವರ್ಷ. ಆರು ವರ್ಷ ದಾಟಿದ್ರ ಗೀರು ಉಳಿದಿದ್ರೂ ಬದಲ್ ಮಾಡ್ರಿ, ನಮ್ಮ ಬಿಸಿಲಾಗ ರಬ್ಬರ್ ಒಣಗಿರ್ತದ.